ರಿಗ್ರೆಟ್ ಪುಕ್ಕಟೆ, ಅಪಾಲಜಿ ದುಬಾರಿ

ದೊಡ್ಡವರು ತಪ್ಪು ಮಾಡಿದಾಗ ಇಂಗ್ಲಿಷ್ ತುಂಬಾ ಉಪಕಾರಿ ಭಾಷೆ. ಅದರಲ್ಲಿ ಅಪಾಲಜಿ ಅಂತ ಒಂದು ಪದವಿದೆ, ರಿಗ್ರೆಟ್ ಅಂತ ಇನ್ನೊಂದಿದೆ. ಅಪಾಲಜಿ ಅಂದರೆ 'ನಾನು ಮಾಡಿದೆ, ತಪ್ಪಾಯ್ತು'. ರಿಗ್ರೆಟ್ ಅಂದರೆ 'ಹೀಗಾಯ್ತಲ್ಲ, ಪಾಪ'. ಮೊದಲನೆಯದಕ್ಕೆ ತಪ್ಪು ಮಾಡಿದವನು ಬೇಕು. ಎರಡನೆಯದಕ್ಕೆ ಯಾರೂ ಬೇಡ. ಮಳೆ ಬಂದು ಪಂದ್ಯ ನಿಂತರೂ ರಿಗ್ರೆಟ್ ಮಾಡಬಹುದು. ಮದುವೆಗೆ ಹೋಗೋಕೆ ಆಗದಿದ್ದರೂ ಮಾಡಬಹುದು. ಜನರ ಮೇಲೆ ಗುಂಡು ಹಾರಿಸಿ ನೂರು ವರ್ಷ ಆದ ಮೇಲೂ ಮಾಡಬಹುದು.

ಕೊನೆಯದು ಉತ್ಪ್ರೇಕ್ಷೆಯಲ್ಲ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ 2019ರಲ್ಲಿ ನೂರು ತುಂಬಿತು. ಬ್ರಿಟನ್ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ಎದ್ದು ನಿಂತು, ಆದದ್ದಕ್ಕೆ ಆಳವಾಗಿ ರಿಗ್ರೆಟ್ ಮಾಡುತ್ತೇವೆ ಅಂದರು. ಪೂರ್ತಿಯಾಗಿ, ಸ್ಪಷ್ಟವಾಗಿ ಅಪಾಲಜಿ ಕೇಳಿ ಅಂತ ವಿರೋಧ ಪಕ್ಷದ ಜೆರೆಮಿ ಕಾರ್ಬಿನ್ ಹೇಳಿ ನೋಡಿದರು. ಬರಲಿಲ್ಲ. 'ಆದದ್ದು' ಅಂತೆ! ಬಂದೂಕುಗಳಿಗೆ ತಾವಾಗಿಯೇ ಸೀನು ಬಂದಿತ್ತೇನೋ.

ಈ ವಿದ್ಯೆಯ ಶಿಖರ ನೋಡಬೇಕಾದರೆ 2001ರ ಏಪ್ರಿಲ್‌ಗೆ ಹೋಗಬೇಕು. ಅಮೆರಿಕದ ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಆಕಾಶದಲ್ಲಿ ಡಿಕ್ಕಿಯಾಯಿತು. ಚೀನಾದ ಪೈಲಟ್ ಸತ್ತ. ಅಮೆರಿಕದ ವಿಮಾನ ಹೇಗೋ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ಹಿಡಿದಿಟ್ಟುಕೊಂಡು, ಕ್ಷಮೆ ಕೇಳಿ ಅಂತ ಕೂತಿತು. ಅಮೆರಿಕ ಮೊದಲು ರಿಗ್ರೆಟ್ ಕಳಿಸಿತು. ಸಾಲಲಿಲ್ಲ. ಹನ್ನೊಂದನೇ ದಿನ ಒಂದು ಪತ್ರ ಬಂತು. ಪೈಲಟ್ ಸತ್ತಿದ್ದಕ್ಕೆ 'ವೆರಿ ಸಾರಿ'. ಬಾಯಿಮಾತಿನ ಅನುಮತಿ ಇಲ್ಲದೆ ಇಳಿದಿದ್ದಕ್ಕೆ ಇನ್ನೊಂದು 'ವೆರಿ ಸಾರಿ'. ಅಪಾಲಜಿ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ! ಚೀನಾ ಅದನ್ನು ತನ್ನ ಭಾಷೆಗೆ ತಂದುಕೊಂಡು, ನೋಡಿ ಕ್ಷಮೆ ಕೇಳಿದರು ಅಂದಿತು. ನಾವೆಲ್ಲಿ ಕೇಳಿದೆವು ಅಂದಿತು ಅಮೆರಿಕ. ಇಬ್ಬರೂ ಗೆದ್ದರು, 24 ಮಂದಿ ಮನೆಗೆ ಹೋದರು. ಇಷ್ಟು ಕೆಲಸ ಮಾಡಿದ 'ಸಾರಿ'ಯನ್ನು ನಾವು ಬಸ್ಸಿನಲ್ಲಿ ಕಾಲು ತುಳಿದಾಗ ಸುಮ್ನೆ ಖರ್ಚು ಮಾಡುತ್ತೇವೆ.

ಕ್ಷಮೆ ಕೇಳಿದರೆ ಕೋರ್ಟಿನಲ್ಲಿ ಸಿಕ್ಕಿಬೀಳುತ್ತೀರಿ ಅನ್ನೋದು ವಕೀಲರ ಹಳೇ ಮಾತು. ಆ ಭಯ ಹೋಗಲಿ ಅಂತಲೇ ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ ಅಪಾಲಜಿ ಕಾಯ್ದೆ ತಂದಿತು. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆ ಆಗುವುದಿಲ್ಲ ಅಂತ ಅದರ ಅರ್ಥ. ಅದೇ ವರ್ಷ ಇಂಗ್ಲೆಂಡಿನ ಕಾನೂನಿನಲ್ಲೂ ಅಂಥದೇ ಮಾತು ಸೇರಿತು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ತಪ್ಪಾಯ್ತು ಅನ್ನೋಕೆ ಶಾಸನಸಭೆಯ ಮಂಜೂರಾತಿ! 2016ರಲ್ಲಿ ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ, 1914ರಲ್ಲಿ ಕೆನಡಾಕ್ಕೆ ಬಂದ ಕೊಮಗಾಟ ಮಾರು ಹಡಗಿನಲ್ಲಿದ್ದ ಭಾರತೀಯರನ್ನು ವಾಪಸ್ ಅಟ್ಟಿದ್ದಕ್ಕೆ ಸಂಸತ್ತಿನಲ್ಲೇ ಅಪಾಲಜಿ ಕೇಳಿದರು. ಕಟ್ಟಡದ ಚಾವಣಿಯೇನೂ ಕುಸಿಯಲಿಲ್ಲ.

ಹಾಗಂತ ಅಪಾಲಜಿ ಅನ್ನೋ ಪದ ಬಂದ ಕೂಡಲೇ ಖುಷಿಪಡಬೇಡಿ. 2017ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ದರದರ ಎಳೆದು ಹಾಕಿದ ವಿಡಿಯೊ ಜಗತ್ತೆಲ್ಲ ಓಡಾಡಿತು. ಕಂಪನಿಯ ಮುಖ್ಯಸ್ಥರು ಅಪಾಲಜಿ ಅಂತಲೇ ಹೇಳಿದರು. ಎಳೆದಿದ್ದಕ್ಕಲ್ಲ, ಪ್ರಯಾಣಿಕರನ್ನು 'ರಿ-ಅಕಾಮೊಡೇಟ್' ಮಾಡಬೇಕಾಗಿ, ಅಂದರೆ ಅವರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದಿದ್ದಕ್ಕೆ. ಮರುದಿನ ಕಂಪನಿಯ ಷೇರು ಇಳಿಯಿತು. ಅವತ್ತೇ ಅದೇ ಮುಖ್ಯಸ್ಥರಿಂದ ಇನ್ನೊಂದು ಅಪಾಲಜಿ ಬಂತು. ಈ ಸಲ ಆಳವಾದದ್ದು.