ಬಿಳಿ ಅಂಗಿ ಹಾಕ್ಕೊಂಡು ಕಾರವಾರಕ್ಕೆ ಹೋದರೆ

ನನ್ನ ಗೆಳೆಯನೊಬ್ಬ ಎಲ್ಲಿಗೆ ಹೋದರೂ ಬೋರ್ಡ್ ಓದುವುದಿಲ್ಲ. "ಬೋರ್ಡ್ ಇರೋದು ಗೊತ್ತಿಲ್ಲದವರಿಗೆ ಮಾರಾಯಾ" ಅನ್ನುತ್ತಾನೆ. ಆಮೇಲೆ ಅದೇ ಬೋರ್ಡಿಗೆ ಬೆನ್ನು ಹಾಕಿ ನಿಂತು, ಅದರಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಾನೆ.

ಮಳೆ ಸ್ವಲ್ಪ ಹೊಳವಾದ ಒಂದು ಭಾನುವಾರ ಇಬ್ಬರೂ ಶಿರಸಿಯಿಂದ ಹೊರಟೆವು. ನಾನು ಬಿಳಿ ಅಂಗಿ, ಬಿಳಿ ಪ್ಯಾಂಟು. ಶೋಕಿಗಲ್ಲ, ಇಸ್ತ್ರಿ ಆಗಿದ್ದ ಜೊತೆ ಅದೊಂದೇ. ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಅವನು ಇಡೀ ಜಿಲ್ಲೆಯ ಇತಿಹಾಸ ಮುಗಿಸಿದ್ದ.

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತು ಶುರು ಮಾಡಿದ. "ವಯಸ್ಸಾದ ಮೇಲೆ ಟಾಗೋರರು ವಿಶ್ರಾಂತಿಗೆ ಇಲ್ಲಿಗೆ ಬಂದಿದ್ರು. ಆ ಗಡ್ಡ ಇದೇ ಗಾಳಿಗೆ ಹಾರ್ತಿತ್ತು ನೋಡು."

ನಿಜ ಏನಪ್ಪಾ ಅಂದರೆ, ಅವರು ಬಂದಾಗ ವಯಸ್ಸು 22. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು. ಅಣ್ಣನ ಮನೆಗೆ ಬಂದ ತಮ್ಮ, ಅಷ್ಟೇ. 22ರ ಹುಡುಗನಿಗೆ ಗಾಳಿಗೆ ಹಾರುವಷ್ಟು ಗಡ್ಡ ಎಲ್ಲಿಂದ ಬರಬೇಕು? ಹೇಳಿದೆ. "ಚಿಕ್ಕ ಗಡ್ಡ ಹಾರಬಾರ್ದು ಅಂತ ಕಾನೂನಿದ್ಯಾ?" ಅಂದ.

ಅಲ್ಲೇ ದಂಡೆಯ ಮೇಲೆ ಯುದ್ಧನೌಕೆ ನಿಂತಿದೆ, ಐಎನ್‌ಎಸ್ ಚಪಲ್. ಹೆಸರಿಗೆ ತಕ್ಕ ಹಾಗೆ ಮಾತಿನ ಚಪಲದವನು ನನ್ನ ಜೊತೆಗೇ ಇದ್ದ. ಕ್ಷಿಪಣಿ ಉಡಾಯಿಸುವ ದೋಣಿ ಅದು. 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಮರುವರ್ಷದಿಂದ ಮ್ಯೂಸಿಯಂ.

"71ರಲ್ಲಿ ಕರಾಚಿ ಬಂದರು ಸುಟ್ಟಿದ್ದು ಇದೇ" ಅಂದ ಗೆಳೆಯ, ಸುತ್ತ ನಾಲ್ಕು ಜನಕ್ಕೆ ಕೇಳುವ ಹಾಗೆ.

"ಹುಟ್ಟೋಕೆ ಐದು ವರ್ಷ ಮೊದಲೇ?"

ಒಂದು ಕ್ಷಣ ತಬ್ಬಿಬ್ಬಾದ. ಒಂದೇ ಕ್ಷಣ. "ಇದರ ಅಣ್ಣಂದಿರು ಸುಟ್ಟಿದ್ದು. ಒಂದೇ ಮನೆತನ ಅಲ್ವಾ?"

ಹೊಟ್ಟೆ ಉರಿದದ್ದು ಯಾಕೆ ಅಂದರೆ, ಇದು ಸರಿ! ಆ ಡಿಸೆಂಬರ್ 4ರ ರಾತ್ರಿ ಹೋಗಿದ್ದ ನಿಪಾತ್, ನಿರ್ಘಾತ್, ವೀರ್ ಮೂರೂ ಇದೇ ಜಾತಿಯ, ರಷ್ಯಾದಿಂದ ತರಿಸಿದ ದೋಣಿಗಳು. ಬೋರ್ಡ್ ಓದದೆ ಬರೀ ಬಾಯಿ ಬಲದಲ್ಲಿ ಗೆದ್ದಿದ್ದ.

ಒಳಗೆ ಹೋದೆವು. ಹಡಗಿನ ಒಳಗಿನ ಬಾಗಿಲುಗಳನ್ನು ನನ್ನಂಥ ಉದ್ದದವರಿಗೆ ಮಾಡಿದ್ದಲ್ಲ. ಮೊದಲನೆಯದಕ್ಕೆ ಬಗ್ಗಿದೆ. ಎರಡನೆಯದಕ್ಕೂ ಬಗ್ಗಿದೆ. ಆಚೆ ಸಮವಸ್ತ್ರ ಹಾಕಿದ ಅಧಿಕಾರಿಯೊಬ್ಬರು ನಿಂತಿದ್ದರು. "ನಮಸ್ಕಾರ ಸರ್, ಹೊರಗೆ ಹೋಗೋದು ಎಲ್ಲಿಂದ?" ಅಂದೆ. ಉತ್ತರ ಇಲ್ಲ. ಹಿಂದಿ ಬೇಕೇನೋ ಅಂತ ಹಿಂದಿಯಲ್ಲೂ ಕೇಳಿದೆ. ಹಿಂದಿನಿಂದ ಗೆಳೆಯ ಬಿಕ್ಕಿ ಬಿಕ್ಕಿ ನಗುವ ಸದ್ದು. ಅದು ಬೊಂಬೆ. ನೌಕೆಯ ಸಿಬ್ಬಂದಿ ಹೇಗಿದ್ದರು ಅಂತ ತೋರಿಸಲು ಅಲ್ಲಲ್ಲಿ ನಿಲ್ಲಿಸಿದ್ದಾರೆ.

ಸಿಟ್ಟಲ್ಲಿ ತಿರುಗಿದೆ. ಮೂರನೇ ಬಾಗಿಲಿನ ಕಬ್ಬಿಣದ ಅಂಚು ಠಣ್ ಅಂತ ಹಣೆಗೇ ಬಡಿಯಿತು. ಕಣ್ಣು ಕತ್ತಲೆ ಬಂತು. ಒಂದು ಕೈ ಹಣೆಗೆ ಹಿಡಿದು, ಉಸಿರು ಕಟ್ಟಿ, ಕಬ್ಬಿಣದ ಗೋಡೆಗೆ ಒರಗಿ ಅಲ್ಲಾಡದೆ ನಿಂತೆ. ನೋಡಿದವರಿಗೆ ಸೆಲ್ಯೂಟ್ ಹೊಡೆದ ಹಾಗೇ ಕಂಡಿರಬೇಕು. ಬಿಳಿ ಬಟ್ಟೆ ಬೇರೆ. ಅಷ್ಟರಲ್ಲಿ ಪುಟ್ಟ ಕೈಯೊಂದು ನನ್ನ ಹೊಟ್ಟೆಗೆ ಚುಚ್ಚಿತು.

"ಅಪ್ಪಾ, ಈ ಬೊಂಬೆಗೆ ಹೊಟ್ಟೆ ಜಾಸ್ತಿ ಅಲ್ವಾ?"

ನಾನು ಕಣ್ಣು ಬಿಟ್ಟೆ. ಹುಡುಗ ಕಿರುಚಿದ ಕಿರುಚಾಟಕ್ಕೆ ಅಪ್ಪನೂ ಓಡಿ ಬಂದ, ಗೇಟಿನಲ್ಲಿದ್ದವರೂ ಓಡಿ ಬಂದರು. ಪಕ್ಕದಲ್ಲಿದ್ದ ಟುಪೊಲೆವ್ ವಿಮಾನ ನೋಡುವ ಆಸೆ ಅಲ್ಲಿಗೇ ಹೋಯಿತು. ಊಟಕ್ಕೆ ಕೂತಾಗಲೂ ಹಣೆಯ ಬುಗುಟಿಗೆ ಸೋಲಕಡಿಯ ತಣ್ಣನೆ ಲೋಟ ಒತ್ತಿ ಹಿಡಿದಿದ್ದೆ.

ವಾಪಸ್ ಬರುತ್ತ ಮಿರ್ಜಾನ್ ಕೋಟೆಗೆ ಇಳಿದೆವು. ಚಿರೆಕಲ್ಲಿನ ಗೋಡೆ, ಮೈತುಂಬ ಹಸಿರು ಹಾವಸೆ. ಗೆಳೆಯ ನನ್ನ ಕಡೆ ಮುಖ ಮಾಡಿ, ಹಿಂದೆ ಹಿಂದೆ ನಡೆಯುತ್ತ ವಿವರಿಸುತ್ತಿದ್ದ. "ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರೇ ಅವಳನ್ನ ಕಾಳುಮೆಣಸಿನ ರಾಣಿ ಅಂತಿದ್ರು." ಅವತ್ತಿಡೀ ದಿನದಲ್ಲಿ, ನಾನು ತಿದ್ದುವ ಮೊದಲೇ, ಅವನು ಹೇಳಿದ ಮೊದಲ ಪೂರ್ತಿ ಸರಿಯಾದ ಮಾತು ಅದು. ಶಭಾಷ್ ಅನ್ನಬೇಕು ಅನ್ನುವಷ್ಟರಲ್ಲಿ ಮನುಷ್ಯ ಕಾಣಲಿಲ್ಲ. ನೋಡಿದರೆ ಹಾವಸೆಯ ಮೇಲೆ ಜಾರಿ ಕೆಳಗೆ ಕೂತಿದ್ದ, ಪ್ಯಾಂಟಿನ ಹಿಂಭಾಗ ಪೂರ್ತಿ ಹಸಿರು.

ಮನಸಾರೆ ನಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬುರುಜಿನ ಕಡೆಯಿಂದ ಪರಿಚಯದ ಧ್ವನಿ.

"ಅಪ್ಪಾ! ಆ ಬೊಂಬೆ ಇಲ್ಲಿಗೂ ಬಂದಿದೆ!"

ಹುಡುಗನ ಅಪ್ಪ ಮುಜುಗರದಿಂದ ನನ್ನನ್ನು ನೋಡಿದ. ಗೆಳೆಯ ಕೂತಲ್ಲಿಂದಲೇ ಗಂಭೀರವಾಗಿ ಹೇಳಿದ: "ಹೌದು ಸರ್, ಮ್ಯೂಸಿಯಂದೇ. ಕತ್ತಲಾಗೋದ್ರೊಳಗೆ ವಾಪಸ್ ಕೊಡಬೇಕು."