ಗೆಲುವೇ ಕೋಚ್‌ನ ಕೈ ಕಟ್ಟಿಹಾಕುತ್ತದೆ

ದೊಡ್ಡ ಕೋಚ್ ಒಬ್ಬರು ಸೋತ ಮರುದಿನ ಎಲ್ಲ ಕಡೆ ಒಂದೇ ಮಾತು. ಹಠಮಾರಿ. ಗೆದ್ದದ್ದು ತಲೆಗೇರಿತ್ತು. ಕಾಲ ಬದಲಾಯಿತು, ಇವರು ಬದಲಾಗಲಿಲ್ಲ. ಫುಟ್‌ಬಾಲ್ ನೋಡುವ ನನ್ನ ಗೆಳೆಯರೂ ಇದನ್ನೇ ಹೇಳುತ್ತಾರೆ. ನನಗೆ ಇದು ಸಾಲದು. ಇಪ್ಪತ್ತು ಮೂವತ್ತು ವರ್ಷ ಆಟದಲ್ಲೇ ಮುಳುಗಿರುವ ಮನುಷ್ಯನಿಗೆ, ಟಿವಿ ಮುಂದೆ ಕೂತ ನಮಗೆ ಕಂಡಷ್ಟೂ ಕಾಣಲಿಲ್ಲ ಅಂದರೆ ನಂಬೋದು ಹೇಗೆ? ಅವರಿಗೆ ಕಂಡೇ ಇರುತ್ತದೆ. ಆದರೆ ಗೆದ್ದ ತಂಡವನ್ನು ಮುಟ್ಟಲು ಒಂದು ಕಾರಣ ಬೇಕು. ಆ ಕಾರಣ ಕೊಡುವುದು ಸೋಲು ಮಾತ್ರ. ಗೆದ್ದವರ ಬಳಿ ಅದು ಇರುವುದಿಲ್ಲ.

ಜರ್ಮನಿಯ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಜೋಕಿಮ್ ಲೋವ್ ಅವರನ್ನೇ ತೆಗೆದುಕೊಳ್ಳಿ. 2018ರ ರಷ್ಯಾ ವಿಶ್ವಕಪ್‌ಗೆ ಜರ್ಮನಿ ಬಂದದ್ದು ಹಾಲಿ ಚಾಂಪಿಯನ್ ಆಗಿ. ಮೊದಲ ಪಂದ್ಯದಲ್ಲೇ ಮೆಕ್ಸಿಕೊ ವಿರುದ್ಧ 0-1 ಸೋಲು. ಸ್ವೀಡನ್ ವಿರುದ್ಧ 95ನೇ ನಿಮಿಷದಲ್ಲಿ ಟೋನಿ ಕ್ರೂಸ್ ಫ್ರೀಕಿಕ್‌ನಿಂದ ಗೋಲು ಹೊಡೆದು ಮಾನ ಉಳಿಸಿದರು. ಆಮೇಲೆ ಕಜಾನ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 0-2. ಎರಡನೇ ಗೋಲು ಬೀಳುವಾಗ ಜರ್ಮನಿಯ ಗೋಲ್‌ಕೀಪರ್ ನಾಯರ್ ಎದುರಾಳಿಯ ಅರ್ಧದಲ್ಲಿ ಚೆಂಡು ಕಳೆದುಕೊಂಡಿದ್ದರು. ಸನ್ ಹ್ಯೂಂಗ್-ಮಿನ್ ಖಾಲಿ ಗೋಲಿಗೆ ಚೆಂಡು ತಳ್ಳಿದರು. ಜರ್ಮನಿ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದು 1938ರ ನಂತರ ಅದೇ ಮೊದಲು.

ಮೆಕ್ಸಿಕೊ ವಿರುದ್ಧ ಆಟ ಶುರುಮಾಡಿದ ಹನ್ನೊಂದು ಮಂದಿಯಲ್ಲಿ ಎಂಟು ಜನ 2014ರಲ್ಲಿ ಕಪ್ ಗೆದ್ದ ತಂಡದವರು. ಮ್ಯಾಂಚೆಸ್ಟರ್ ಸಿಟಿಯಲ್ಲಿ ಅದ್ಭುತ ಸೀಸನ್ ಆಡಿದ್ದ ಲೆರಾಯ್ ಸಾನೆ ಅವರನ್ನು ಲೋವ್ ರಷ್ಯಾಕ್ಕೆ ಕರೆದುಕೊಂಡೇ ಹೋಗಿರಲಿಲ್ಲ. ಚೆಂಡು ಹೆಚ್ಚು ಹೊತ್ತು ಜರ್ಮನಿಯ ಕಾಲಲ್ಲೇ ಇರುತ್ತಿತ್ತು. ಅದು ಕಳೆದುಹೋದ ಕ್ಷಣವೇ ಹಿಂದೆ ಇಡೀ ಮೈದಾನ ಖಾಲಿ. ಮೆಕ್ಸಿಕೊದ ಹುಡುಗರು ಆ ಖಾಲಿ ಜಾಗದಲ್ಲಿ ಓಡಿದರು, ಮತ್ತೆ ಮತ್ತೆ ಓಡಿದರು.

ಲೋವ್ ಅವರಿಗೆ ಬೇರೆ ಆಟ ಗೊತ್ತಿರಲಿಲ್ಲವೇ? ಒಂದೇ ವರ್ಷದ ಹಿಂದೆ, 2017ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ, ಅವರು ಹಿರಿಯರಿಗೆ ಬಿಡುವು ಕೊಟ್ಟು ಹುಡುಗರ ತಂಡ ಕಟ್ಟಿದ್ದರು. ಆ ತಂಡ ಇದೇ ರಷ್ಯಾದಲ್ಲಿ, ಇದೇ ಮೆಕ್ಸಿಕೊವನ್ನು ಸೆಮಿಫೈನಲ್‌ನಲ್ಲಿ 4-1ರಿಂದ ಸೋಲಿಸಿತ್ತು. ಫೈನಲ್‌ನಲ್ಲಿ ಚಿಲಿಯನ್ನೂ ಸೋಲಿಸಿ ಕಪ್ ಎತ್ತಿತ್ತು. ಹೊಸ ದಾರಿ ಅವರ ಕೈಯಲ್ಲೇ ಇತ್ತು. ಆದರೂ ದೊಡ್ಡ ಪರೀಕ್ಷೆ ಬಂದಾಗ ಹಳೆಯವರ ಕಡೆಗೇ ಹೋದರು.

ಇದಕ್ಕೆ ಹಠ ಅಂತ ಹೆಸರಿಡುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಇದೇ ಲೋವ್ 2010ರಲ್ಲಿ ಪೂರ್ತಿ ಬೇರೆ ಆಟ ಆಡಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲೆಂಡ್‌ಗೆ ನಾಲ್ಕು, ಅರ್ಜೆಂಟೀನಾಗೆ ನಾಲ್ಕು ಗೋಲು ಹೊಡೆದದ್ದು ಕೌಂಟರ್ ಅಟ್ಯಾಕ್‌ನಿಂದ, ಅಂದರೆ ಎದುರಾಳಿಯಿಂದ ಚೆಂಡು ಕಸಿದ ಕೂಡಲೇ ಮುನ್ನುಗ್ಗುವ ಆಟದಿಂದ, ಬರೀ ವೇಗದಿಂದ. ಆದರೆ 2008ರ ಯೂರೊ ಕಪ್ (ಯುರೋಪಿನ ದೇಶಗಳ ಟೂರ್ನಿ) ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಸೋತಿದ್ದರು, 2010ರ ಸೆಮಿಫೈನಲ್‌ನಲ್ಲಿ ಮತ್ತೆ ಸ್ಪೇನ್ ವಿರುದ್ಧವೇ ಸೋತರು. ಆಮೇಲೆ ಚೆಂಡನ್ನು ಹಿಡಿದಿಟ್ಟುಕೊಂಡು ಆಡುವ ರೀತಿಗೆ ತಂಡವನ್ನು ನಿಧಾನವಾಗಿ ತಿರುಗಿಸಿದರು. ಅಂದರೆ ಈ ಮನುಷ್ಯನಿಗೆ ಬದಲಾಗಲು ಬರುತ್ತಿತ್ತು. ಸೋತಾಗ ಬದಲಾದರು, ಗೆದ್ದ ಮೇಲೆ ಬದಲಾಗಲಿಲ್ಲ. ಅಷ್ಟೇ ವ್ಯತ್ಯಾಸ.

ಇನ್ನು 2014ರಲ್ಲಿ ಅವರು ಗೆದ್ದದ್ದು ಹೇಗೆ? ನಮಗೆಲ್ಲ ನೆನಪಿರುವುದು ಬ್ರೆಜಿಲ್ ವಿರುದ್ಧದ 7-1. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅಲ್ಜೀರಿಯಾ ವಿರುದ್ಧದ ಪಂದ್ಯ. ಆ ಟೂರ್ನಿಯಲ್ಲಿ ಲೋವ್ ಅವರು ಫಿಲಿಪ್ ಲಾಮ್ ಅವರನ್ನು ರೈಟ್ ಬ್ಯಾಕ್ (ರಕ್ಷಣಾ ಸಾಲಿನ ಬಲಬದಿ) ಜಾಗದಿಂದ ತೆಗೆದು ಮಿಡ್‌ಫೀಲ್ಡ್‌ನಲ್ಲಿ ಆಡಿಸುತ್ತಿದ್ದರು. ಎಷ್ಟು ಜನ ಟೀಕಿಸಿದರೂ ಕೇಳಲಿಲ್ಲ. ಘಾನಾ ವಿರುದ್ಧ 2-2 ಆಯಿತು, ಆಗಲೂ ಕೇಳಲಿಲ್ಲ. ಅಲ್ಜೀರಿಯಾ ಪಂದ್ಯದಲ್ಲಿ ರೈಟ್ ಬ್ಯಾಕ್ ಆಡುತ್ತಿದ್ದ ಮುಸ್ತಫಿ ಗಾಯಗೊಂಡು ಹೊರಗೆ ಹೋದರು. ಬೇರೆ ದಾರಿ ಇಲ್ಲದೆ ಲಾಮ್ ತಮ್ಮ ಹಳೆಯ ಜಾಗಕ್ಕೆ ಮರಳಿದರು. ಹೆಚ್ಚುವರಿ ಸಮಯದಲ್ಲಿ ಜರ್ಮನಿ ಹೇಗೋ 2-1ರಿಂದ ಬಚಾವಾಯಿತು. ಮುಂದಿನ ಪಂದ್ಯ ಫ್ರಾನ್ಸ್ ವಿರುದ್ಧ. ಅದರಲ್ಲಿ ಲಾಮ್ ರೈಟ್ ಬ್ಯಾಕ್ ಆಗಿಯೇ ಶುರುಮಾಡಿದರು, ಕ್ಲೋಸ ಸ್ಟ್ರೈಕರ್ ಆಗಿ ಬಂದರು. ಫೈನಲ್‌ವರೆಗೂ ತಂಡದ ಅಚ್ಚು ಅದೇ.

ಆ ತಂಡ ಚಾಂಪಿಯನ್ ಆಗುವ ದಾರಿಯಲ್ಲಿ ಒಂದು ಗಾಯಕ್ಕೂ ಪಾಲಿದೆ. ಫೈನಲ್‌ನಲ್ಲಿ ಅರ್ಜೆಂಟೀನಾದ ಹಿಗ್ವೇನ್ ಬರೀ ಗೋಲ್‌ಕೀಪರ್ ಮಾತ್ರ ಎದುರಿಗಿದ್ದಾಗ ಹೊರಗೆ ಹೊಡೆದರಲ್ಲ, ಅದಕ್ಕೂ ಪಾಲಿದೆ. 113ನೇ ನಿಮಿಷದ ಗೋಲಿಗೆ ಚೆಂಡು ಕೊಟ್ಟ ಶುರ್ಲೆ, ಹೊಡೆದ ಗೋಟ್ಸೆ, ಇಬ್ಬರೂ ಬೆಂಚಿನಿಂದ ಎದ್ದು ಬಂದವರು. ಶುರ್ಲೆ ಇಳಿದದ್ದು ಕ್ರಾಮರ್ ತಲೆಗೆ ಪೆಟ್ಟು ಬಿದ್ದಿದ್ದರಿಂದ. ಆದರೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇದೆಲ್ಲ ಅಳಿಸಿಹೋಗಿ ಒಂದೇ ಸಾಲು ಉಳಿಯಿತು: ನಮ್ಮ ಆಟ ಗೆದ್ದಿತು. ಕಪ್ ಮೇಲೆ ಯಾವುದಕ್ಕೆ ಎಷ್ಟು ಪಾಲು ಅಂತ ಬರೆದಿರುವುದಿಲ್ಲ. ಯಾವುದು ಕೆಲಸ ಮಾಡಿತು, ಯಾವುದು ಸುಮ್ನೆ ಜೊತೆಗಿತ್ತು ಅಂತ ಗೊತ್ತಿಲ್ಲದಾಗ ಯಾವುದನ್ನು ತೆಗೆಯೋದು? ಏನು ತೆಗೆದರೂ ಕಟ್ಟಡ ಕುಸಿಯಬಹುದು ಅನ್ನಿಸುತ್ತದೆ. ಹಾಗಾಗಿ ಎಲ್ಲವನ್ನೂ ಹಾಗೇ ಇಟ್ಟುಕೊಳ್ಳುತ್ತಾರೆ.

ರಷ್ಯಾದಿಂದ ಬಂದ ಮೇಲೆ ಲೋವ್ ತಾವೇ ಹೇಳಿದರು: ಚೆಂಡಿನ ಮೇಲೆ ಹಿಡಿತ ಇಟ್ಟು ಆಡುವ ಆಟವನ್ನು ಪರಿಪೂರ್ಣ ಮಾಡಲು ಹೊರಟೆ, ಅದು ಹೆಚ್ಚುಕಡಿಮೆ ಅಹಂಕಾರವೇ ಆಗಿತ್ತು ಎಂದು. ಅವರ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೂ ಅವರು ತಪ್ಪನ್ನು ತಮ್ಮೊಬ್ಬರ ಮೇಲೇ ಜಾಸ್ತಿ ಹಾಕಿಕೊಂಡರು ಅನ್ನಿಸುತ್ತದೆ. ಯಾಕೆಂದರೆ ಇದು ಒಬ್ಬರ ಕಥೆಯಲ್ಲ. 1998ರಲ್ಲಿ ಗೆದ್ದ ಫ್ರಾನ್ಸ್ 2002ರಲ್ಲಿ ಒಂದು ಗೋಲನ್ನೂ ಹೊಡೆಯದೆ ಮನೆಗೆ ಹೋಯಿತು. 2006ರಲ್ಲಿ ಇಟಲಿಗೆ ಕಪ್ ಗೆದ್ದುಕೊಟ್ಟ ಲಿಪ್ಪಿ ಅವರೇ 2010ರಲ್ಲೂ ಕೋಚ್, ಇಟಲಿ ಗುಂಪಿನಲ್ಲಿ ಕೊನೆಯ ಸ್ಥಾನ. 2014ರಲ್ಲಿ ಸ್ಪೇನ್ ಮೊದಲ ಪಂದ್ಯದಲ್ಲೇ ನೆದರ್‌ಲೆಂಡ್ಸ್ ವಿರುದ್ಧ 1-5.

ಈ ಸ್ಪೇನ್ ಕಥೆಯೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು. 2010ರಲ್ಲಿ ಅವರು ಮೊದಲ ಪಂದ್ಯದಲ್ಲಿ ಸ್ವಿಟ್ಜರ್‌ಲೆಂಡ್ ವಿರುದ್ಧ 0-1ರಿಂದ ಸೋತಿದ್ದರು. ಸೋಲಿನ ನೆಪ ಅಲ್ಲೇ ಸಿಕ್ಕಿತ್ತಲ್ವಾ? ಆದರೂ ಕೋಚ್ ಡೆಲ್ ಬೋಸ್ಕೆ ತಮ್ಮ ಆಟ ಬಿಡಲಿಲ್ಲ. ಮಿಡ್‌ಫೀಲ್ಡರ್ ಬುಸ್ಕೆಟ್ಸ್ ಅವರನ್ನು ತೆಗೆಯಿರಿ ಅಂತ ಒತ್ತಡ ಬಂದರೂ ತೆಗೆಯಲಿಲ್ಲ. ಕೊನೆಯ ನಾಲ್ಕೂ ಪಂದ್ಯಗಳನ್ನು 1-0, 1-0, 1-0, 1-0ರಿಂದ ಗೆದ್ದು ಕಪ್ ಎತ್ತಿದರು. ಈಗ ಅವರ ಜಾಗದಲ್ಲಿ ನಿಂತು ನೋಡಿ. ಊರೆಲ್ಲ ಬದಲಾಗು ಅಂದಾಗ ಬದಲಾಗದೆ ನಿಂತದ್ದಕ್ಕೇ ಅವರಿಗೆ ವಿಶ್ವಕಪ್ ಸಿಕ್ಕಿದ್ದು. ಎರಡು ವರ್ಷದ ಮೇಲೆ ಯೂರೊ ಕಪ್ ಕೂಡ ಸಿಕ್ಕಿತು. 2014ರಲ್ಲಿ ಅದೇ ಜನ ಮತ್ತೆ ಬದಲಾಗು ಅಂದಾಗ ಅವರು ಯಾಕೆ ಕಿವಿಗೊಡಬೇಕು? ಗೆದ್ದ ಕೋಚ್‌ಗೆ ಅನುಭವ ಕಲಿಸಿರುವುದೇ ಟೀಕೆ ಕೇಳಬೇಡ ಅಂತ. ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಡೆಲ್ ಬೋಸ್ಕೆ ಎರಡು ಸಲವೂ ಮಾಡಿದ್ದು ಒಂದೇ ಕೆಲಸ. ಒಂದು ಸಲ ಧೀಮಂತ ಅಂದೆವು, ಇನ್ನೊಂದು ಸಲ ಮೊಂಡ ಅಂದೆವು.

ಸೋಲು ಎಷ್ಟು ಬೇಗ ದಾರಿ ಬಿಟ್ಟುಕೊಡುತ್ತದೆ ಅನ್ನುವುದಕ್ಕೆ 2022ರ ಅರ್ಜೆಂಟೀನಾಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕತಾರ್‌ಗೆ ಬರುವಾಗ 36 ಪಂದ್ಯಗಳಿಂದ ಸೋಲೇ ಕಂಡಿರಲಿಲ್ಲ. ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ ಎದುರು 1-2. ಮುಂದಿನ ಪಂದ್ಯಕ್ಕೆ ಕೋಚ್ ಸ್ಕಲೋನಿ ಐದು ಜನರನ್ನು ಬದಲಿಸಿದರು. ಮಕ್ ಆಲಿಸ್ಟರ್ ಬಂದರು, ಆಮೇಲೆ ಎನ್ಸೊ ಫೆರ್ನಾಂಡಿಸ್, ಹೂಲಿಯನ್ ಅಲ್ವಾರೆಸ್ ಬಂದರು. ಮೂವರೂ ಫೈನಲ್ ಆಡಿದರು. ಸೌದಿ ವಿರುದ್ಧ ಹೇಗೋ ಗೆದ್ದುಬಿಟ್ಟಿದ್ದರೆ ಇಷ್ಟು ಬೇಗ ಇವರಿಗೆ ಜಾಗ ಸಿಗುತ್ತಿತ್ತೇ? ನನಗಂತೂ ಅನುಮಾನ.

ನಮ್ಮ ಕ್ರಿಕೆಟ್‌ನಲ್ಲೂ ನೋಡಿದ್ದೇವೆ. 2022ರ ಟಿ20 ವಿಶ್ವಕಪ್ ಸೆಮಿಫೈನಲ್, ಅಡಿಲೇಡ್. ಭಾರತದ 168 ರನ್ ಅನ್ನು ಇಂಗ್ಲೆಂಡ್‌ನ ಬಟ್ಲರ್ ಮತ್ತು ಹೇಲ್ಸ್ 16 ಓವರ್‌ನಲ್ಲಿ ಒಂದು ವಿಕೆಟ್ ಕೂಡ ಕಳೆದುಕೊಳ್ಳದೆ ಹೊಡೆದರು. ಆಗ ಭಾರತದ ಕೋಚ್ ನಮ್ಮ ದ್ರಾವಿಡ್. ಆ ಸೋಲಿನ ನಂತರ ಮೊದಲ ಓವರ್‌ಗಳಿಂದಲೇ ಬೀಸುವ ಆಟ ಗಟ್ಟಿಯಾಯಿತು, ಅದರಲ್ಲಿ ರೋಹಿತ್ ತಾವೇ ಮುಂದೆ ನಿಂತರು. 2024ರಲ್ಲಿ ಬಾರ್ಬಡೋಸ್‌ನಲ್ಲಿ ಕಪ್ ಬಂತು. ತಾಳ್ಮೆಯ ಆಟಕ್ಕೇ ಹೆಸರಾದ ದ್ರಾವಿಡ್ ಅಂಥವರ ಕೈಕೆಳಗೆ ಇದು ನಡೆಯಿತು ಅನ್ನುವುದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಗೆದ್ದೂ ಬದಲಾದವರು ಇಲ್ಲವೇ ಇಲ್ಲ ಅಂತಲ್ಲ. ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ನಡೆಸಿದರು, 13 ಲೀಗ್ ಗೆದ್ದರು. ಅವರ ಸಹಾಯಕರ ಪಟ್ಟಿ ನೋಡಿ: ಬ್ರಯಾನ್ ಕಿಡ್, ಸ್ಟೀವ್ ಮೆಕ್‌ಲಾರೆನ್, ಕಾರ್ಲೋಸ್ ಕೀರೋಸ್, ಆಮೇಲೆ ಮ್ಯೂಲೆನ್‌ಸ್ಟೀನ್. ಒಬ್ಬೊಬ್ಬರದೂ ಬೇರೆ ಬೇರೆ ತಲೆ. ದಿನನಿತ್ಯದ ಅಭ್ಯಾಸವನ್ನು ಅವರ ಕೈಗೇ ಬಿಟ್ಟು ತಾವು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಹೊಸ ಸಹಾಯಕ ಬಂದಾಗ ಹೊಸ ಯೋಚನೆಯೂ ಅವರ ಜೊತೆಗೇ ಬರುತ್ತಿತ್ತು. ಬದಲಾಗಲು ಸೋಲಿಗೇ ಕಾಯಬೇಕಾಗಿರಲಿಲ್ಲ. ಫರ್ಗುಸನ್ ಅವರ ಸಿಟ್ಟಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಅವರ ನಿಜವಾದ ಜಾಣತನ ಕಾಣುವುದು ಇಲ್ಲಿ.

ಲೋವ್ ಅವರಿಗೆ ಸಿಕ್ಕಿದ್ದು ಇದರ ಉಲ್ಟಾ. ರಷ್ಯಾಕ್ಕೆ ಹೊರಡುವ ಮುಂಚೆಯೇ ಜರ್ಮನ್ ಫುಟ್‌ಬಾಲ್ ಸಂಸ್ಥೆ ಅವರ ಒಪ್ಪಂದವನ್ನು 2022ರವರೆಗೆ ವಿಸ್ತರಿಸಿತ್ತು. ಸಂಸ್ಥೆ ನಂಬಿಕೆ ತೋರಿಸಿದ್ದು ತಪ್ಪಲ್ಲ. ಆದರೆ ಅದರ ಜೊತೆಗೇ, ಅಲ್ಜೀರಿಯಾ ಪಂದ್ಯವನ್ನು ಮುಂದಿಟ್ಟುಕೊಂಡು "ಇಲ್ಲಿ ಏನಾಗಿತ್ತು ಸರ್, ಮುಸ್ತಫಿ ಗಾಯಗೊಳ್ಳದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಎದುರು ಕೂತು ಕೇಳುವ ಒಬ್ಬರನ್ನೂ ಕೊಡಬೇಕಿತ್ತು. ಅದನ್ನು ಕೇಳಬೇಕಾದದ್ದು 2014ರಲ್ಲಿ, ಕಪ್ ಕೈಯಲ್ಲಿ ಇರುವಾಗಲೇ. ಕಜಾನ್‌ನಿಂದ ಬಂದ ಮೇಲೆ ಯಾರು ಬೇಕಾದರೂ ಕೇಳುತ್ತಾರೆ.

ನೋಡುವವರಾದ ನಮ್ಮ ಪಾಲೂ ಇದರಲ್ಲಿದೆ. 2018ರಲ್ಲಿ ಲೋವ್ ಓಜಿಲ್, ಮ್ಯೂಲರ್, ಖೆದಿರಾ ಮೂವರನ್ನೂ ಕೂರಿಸಿ, 2017ರ ಹುಡುಗರನ್ನು ಇಳಿಸಿ, ಆಮೇಲೆ ಮೆಕ್ಸಿಕೊ ಎದುರು ಸೋತಿದ್ದರೆ ನಾವು ಏನು ಬರೆಯುತ್ತಿದ್ದೆವು? ಗೆದ್ದ ತಂಡವನ್ನು ಒಡೆದ ಮೂರ್ಖ ಅಂತ. ಹಳೆಯ ಆಟದಲ್ಲಿ ಸೋತರೆ ಅರ್ಧ ಬೈಗುಳ, ಹೊಸ ಆಟದಲ್ಲಿ ಸೋತರೆ ಪೂರ್ತಿ ಬೈಗುಳ. ಇದು ಕೋಚ್‌ಗಳಿಗೂ ಗೊತ್ತು. ಮುಂದಿನ ಸಲ ಚಾಂಪಿಯನ್ ತಂಡದ ಕೋಚ್ ಒಬ್ಬರು ದೊಡ್ಡ ಹೆಸರಿನ ಆಟಗಾರನನ್ನು ಕೈಬಿಟ್ಟು ಎರಡು ಪಂದ್ಯ ಸೋತಾಗ, ಒಂದು ಹತ್ತು ಪಂದ್ಯದವರೆಗಾದರೂ ಅವರಿಗೆ ಸಮಯ ಕೊಡೋಣ.