ಹಡಗಿನ ಹೊಗೆಕೊಳವಿಗೆ ಕೊಡ ಹಚ್ಚೋಣ ಬರ್ರಿ

ನಮ್ಮ ಕಲಬುರಗಿಗೂ ಸಮುದ್ರಕ್ಕೂ ಒಂದು ರಾತ್ರಿಯ ರೈಲಿನಷ್ಟು ದೂರ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ರಾತ್ರಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ಮುಂಬಯಿ. ಇಂಥ ಊರಿನಲ್ಲಿ ಹೋದ ವಾರ ನಮ್ಮ ಓಣಿಯ ಕಟ್ಟೆಯ ಮೇಲೆ ಹಡಗಿಗಾಗಿ ಒಂದು ಹೋರಾಟ ಹುಟ್ಟಿತು. ಹುಟ್ಟಿ, ಬೆಳೆದು, ಮನವಿಪತ್ರ ಬರೆದು, ಎರಡು ತಾಸಿನೊಳಗೆ ಎರಡು ಬಣವಾಗಿ ಒಡೆಯಿತು. ಇಷ್ಟು ಚುರುಕಾಗಿ ನಮ್ಮಲ್ಲಿ ಬೇರೆ ಯಾವ ಕೆಲಸವೂ ಆಗಿದ್ದನ್ನು ನಾನು ನೋಡಿಲ್ಲ.

ಕಟ್ಟೆಗೆ ಜನ ಸೇರಿದ್ದು ಹಡಗಿಗಲ್ಲ, ನಳಕ್ಕೆ. ಮೇ ತಿಂಗಳು. ಹಗಲೆಲ್ಲ 44 ಡಿಗ್ರಿಯಲ್ಲಿ ಕಾದ ಶಹಾಬಾದ್ ಫರ್ಸಿ ರಾತ್ರಿ ಹನ್ನೊಂದಕ್ಕೂ ಕೂತವರನ್ನು ಏಳಿಸುತ್ತಿತ್ತು. 24×7 ನೀರು ಎಂಬ ಮಾತು ನಮ್ಮೂರಲ್ಲಿ ಬಹಳ ದಿನದಿಂದ ಓಡಾಡುತ್ತಿದೆ. ನಮ್ಮ ಓಣಿಗೆ ಅದು ಬಂದೂ ಇದೆ, ಏಳು ದಿನಕ್ಕೊಮ್ಮೆ ಇಪ್ಪತ್ನಾಲ್ಕು ನಿಮಿಷ. ಆ ಇಪ್ಪತ್ನಾಲ್ಕು ನಿಮಿಷ ಯಾವ ಜಾವದಲ್ಲಿ ಬರುತ್ತದೆಂದು ಹೇಳಬಲ್ಲ ಜ್ಯೋತಿಷಿ ಇನ್ನೂ ಹುಟ್ಟಿಲ್ಲವಾದ್ದರಿಂದ, ಕೊಡಗಳನ್ನು ಸಾಲಾಗಿಟ್ಟು ಮನುಷ್ಯರು ಪಕ್ಕದಲ್ಲಿ ಕೂಡ್ರುವುದು ರೂಢಿ.

ಪುಣೆಯಿಂದ ರಜಕ್ಕೆ ಬಂದಿದ್ದ ನನ್ನ ಅಕ್ಕನ ಮಗ ಮೊಬೈಲು ಉಜ್ಜುತ್ತ ಕೂತಿದ್ದವನು, "ಮಾಮಾ, ಇಲ್ನೋಡು, ಇಟಲಿದಾಗ ಹೈಡ್ರೋಜನ್ ಹಡಗ ಕಟ್ಟಲಿಕತ್ತಾರ" ಎಂದ. ಹುಡುಗ ಮೆಕ್ಯಾನಿಕಲ್ ಓದಿದವನು, ಇಂಥದರಲ್ಲಿ ಸುಳ್ಳು ಹೇಳುವುದಿಲ್ಲ. ಹಡಗಿನ ಹೆಸರು ವೈಕಿಂಗ್ ಲಿಬ್ರಾ. ಅಂಕೋನಾದ ಫಿನ್‌ಕಾಂತಿಯೇರಿ ಹಡಗುಕಟ್ಟೆಯಲ್ಲಿ ತಯಾರಾಗುತ್ತಿದೆ. 54,300 ಟನ್ ಗಾತ್ರ, 998 ಪ್ರವಾಸಿಗರಿಗೆ ಜಾಗ, ಒಳಗೆ ಹೈಡ್ರೋಜನ್ನಿನಿಂದ ಕರೆಂಟು ತೆಗೆಯುವ 6 ಮೆಗಾವ್ಯಾಟಿನ ಫ್ಯೂಯೆಲ್ ಸೆಲ್. 2026ರ ಕೊನೆಗೆ ಕೈಗೆ ಬರುತ್ತದೆ, ಹೈಡ್ರೋಜನ್ ತುಂಬಿಕೊಂಡು ಓಡುವ ಜಗತ್ತಿನ ಮೊದಲ ಕ್ರೂಸ್ ಹಡಗು ಇದೇ ಎಂದು ಕಂಪನಿಯವರೇ ಹೇಳಿಕೊಂಡಿದ್ದಾರೆ.

ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊಡದ ಸಾಲಿನ ಮೊದಲ ಸ್ಥಾನದಲ್ಲಿದ್ದ ಆಯಿ ಮಾತ್ರ, ಹುಡುಗನ ಮಾತು ಬಿದ್ದುಹೋಗಬಾರದೆಂದು ಕೇಳಿದಳು: "ಅದರಾಗ ಹೊಗಿ ಬರಂಗಿಲ್ಲೇನು?"

"ಇಲ್ಲ ಆಯಿ."

"ಮತ್ತೇನ್ ಬರ್ತದ?"

"ನೀರು."

ಕಟ್ಟೆಯ ಮೇಲೆ ಒಂದು ನಿಮಿಷ ಸೊಳ್ಳೆಯೂ ಹಾಡಲಿಲ್ಲ.

"ನಮ್ಮ ಕಾಲದ ಪುಸ್ತಕದಾಗ ಅದರ ಹೆಸರೇ ಜಲಜನಕ" ಎಂದರು ನಿವೃತ್ತ ಮಾಸ್ತರು, ನಲವತ್ತು ವರ್ಷ ಪಾಠ ಮಾಡಿದ ಶಬ್ದದ ಅರ್ಥ ಈಗ ಹೊಳೆದವರಂತೆ. "ಹೆಸರಿನಾಗೇ ಇಟ್ಟಿದ್ರು, ನಮಗ ತಿಳೀಲಿಲ್ಲ ನೋಡ್ರಿ."

ಆಮೇಲೆ ಹುಡುಗನಿಗೆ ಬಿಡುವಿಲ್ಲ. ಅದು ಹ್ಯಾಂಗ ಆಗ್ತದ ಎಂದು ಒಬ್ಬೊಬ್ಬರೂ ಕೇಳಿದರು. ಅವನು ಪಾಪ, ಶರಣಬಸವೇಶ್ವರರ ಜಾತ್ರೆಯನ್ನೇ ಎಳೆದು ತಂದ. ಬಾಗಿಲಿಗೆ ಬ್ಯಾರಿಕೇಡ್ ಹಾಕಿದಾಗ ಸಣ್ಣ ಹುಡುಗರು ಕೆಳಗೆ ನುಸುಳಿ ಒಳಗೆ ಹೋಗ್ತಾರೆ, ಅವರ ಅಪ್ಪಂದಿರು ಸುತ್ತು ಹಾಕಿಕೊಂಡು ಬರ್ತಾರೆ. ಹೈಡ್ರೋಜನ್ನಿನಲ್ಲೂ ಹಾಗೇ. ಪ್ರೋಟಾನು ತೆಳ್ಳನೆಯ ಪೊರೆಯೊಳಗಿಂದ ನುಸುಳುತ್ತದೆ. ಎಲೆಕ್ಟ್ರಾನಿಗೆ ಅಲ್ಲಿ ದಾರಿಯಿಲ್ಲ, ತಂತಿ ಹಿಡಿದು ಸುತ್ತಿ ಬರಬೇಕು. ಆ ಸುತ್ತಿ ಬರುವವರ ಕೈಯಲ್ಲಿ ದಾರಿಯಲ್ಲೇ ಕೆಲಸ ಮಾಡಿಸಿಕೊಂಡರೆ ಅದೇ ಕರೆಂಟು. ಆಚೆ ಬದಿಗೆ ಅಪ್ಪ ಮಗ ಇಬ್ಬರೂ ಆಮ್ಲಜನಕವನ್ನು ಸೇರಿದರೆ ಅದೇ ನೀರು. ಬೆಂಕಿ ಹತ್ತುವುದಿಲ್ಲ, ಪಿಸ್ಟನ್ ಬಡಿಯುವುದಿಲ್ಲ. ವಿದ್ಯೆಯೇನೂ ಹೊಸದಲ್ಲ, ವಿಲಿಯಂ ಗ್ರೋವ್ ಎಂಬಾತ 1839ರ ಸುಮಾರಿಗೇ ಮಾಡಿ ತೋರಿಸಿದ್ದ.

"ಕುಡೀಲಿಕ್ಕೆ ಬರ್ತದೇನು ಆ ನೀರು?" ಎಂದರು ಕಾಕಾ. ನಮ್ಮ ಕಾಕಾ ಟ್ಯಾಂಕರಿನವರ ಜತೆ ಮೂವತ್ತು ವರ್ಷ ಜಗಳಾಡಿ ಪಳಗಿದವರು, ಮೊದಲು ಗುಣಮಟ್ಟ ಕೇಳುತ್ತಾರೆ. ಅಪೊಲೊ ನೌಕೆಯಲ್ಲಿ ಚಂದ್ರನಿಗೆ ಹೋದವರು ಫ್ಯೂಯೆಲ್ ಸೆಲ್ಲಿನ ನೀರನ್ನೇ ಕುಡಿದರೆಂದು ಹುಡುಗ ಹೇಳಿದ್ದೇ ತಪ್ಪಾಯಿತು. ಚಂದ್ರನಿಗೆ ಹೋದವರಿಗೆ ಆಗುತ್ತದೆ, ನಮ್ಮ ಓಣಿಯವರಿಗೆ ಆಗುವುದಿಲ್ಲವೇ? ಮಾಸ್ತರು ಕರೆಂಟ್ ಬಿಲ್ಲಿನ ಹಿಂಬದಿಗೆ ಲೆಕ್ಕ ಹಾಕತೊಡಗಿದರು. ಒಂದು ಕಿಲೋ ಹೈಡ್ರೋಜನ್ನಿಗೆ ಒಂಬತ್ತು ಲೀಟರ್ ನೀರು. ಆ ಒಂದು ಕಿಲೋದಿಂದ ಸೆಲ್ಲು ತೆಗೆಯುವುದು ಹದಿನಾರು ಹದಿನೇಳು ಯೂನಿಟ್ ಕರೆಂಟು. 6 ಮೆಗಾವ್ಯಾಟ್ ಪೂರ್ತಿ ಓಡಿದರೆ ತಾಸಿಗೆ 360 ಕಿಲೋ ಹೈಡ್ರೋಜನ್, ಮೂರು ಸಾವಿರದ ಇನ್ನೂರು ಲೀಟರಿನ ಮೇಲೆ ನೀರು. ಒಂದಿಷ್ಟು ಹಬೆಯಾಗಿ ಹೋಗುವುದನ್ನೂ ತಂಪು ಮಾಡಿ ಹಿಡಿದರೆ ದಿನಕ್ಕೆ 77,000 ಲೀಟರ್.

"ಐದು ಸಾವಿರದ ಟ್ಯಾಂಕರ್ ಲೆಕ್ಕದಾಗ ಹದಿನೈದು" ಎಂದರು ಕಾಕಾ, ಬಿಲ್ಲು ನೋಡದೆಯೇ.

ಹದಿನೈದು ಟ್ಯಾಂಕರ್. ದಿನಾ. ಪುಗಸಟ್ಟೆ. ಹೋರಾಟ ಹುಟ್ಟಿದ್ದು ಇಲ್ಲಿ.

ಬೇಡಿಕೆ ಸರಳ: ಹಡಗು ಕಲಬುರಗಿಗೆ ಬರಬೇಕು. ಎಲ್ಲಿ ನಿಲ್ಲಿಸುವುದು ಎಂಬುದಷ್ಟೇ ತಕರಾರು. ಕಟ್ಟಿಸಂಗಾವಿ ಸೇತುವೆಯ ಹತ್ತಿರ ಭೀಮೆಯಲ್ಲಿ ಎಂದ ಒಬ್ಬ. ಮೇ ತಿಂಗಳ ಭೀಮೆಯಲ್ಲಿ ಎಮ್ಮೆಯ ಬೆನ್ನು ಮುಳುಗುವುದೇ ಕಷ್ಟ ಎಂದ ಇನ್ನೊಬ್ಬ. ಆಗಸ್ಟಿನವರೆಗೆ ತಡೆಯಿರಿ, ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಹಡಗು ಸೇತುವೆಯ ಮೇಲಿಂದಲೇ ದಾಟುತ್ತದೆ ಎಂದ ಮೂರನೆಯವ, ಅವನ ಹೊಲ ನದಿ ದಂಡೆಯಲ್ಲಿದೆ. ಕಾಕಾ ಎಲ್ಲರ ಬಾಯಿ ಮುಚ್ಚಿಸಿದರು: "ತೇಲೋದು ಯಾಕ ಬೇಕು? ನಾವೇನ್ ಪ್ರವಾಸ ಹೊಂಟೀವೇನು? ಅಪ್ಪನ ಕೆರಿ ದಂಡಿ ಮ್ಯಾಲ ನಿಲ್ಲಿಸಲಿ. ನಮಗ ಬೇಕಾಗಿದ್ದು ಅದರ ಹೊಗಿಕೊಳವಿ. ಕೊಳವಿಗೆ ಕೊಡ ಹಚ್ಚಿದ್ರ ಮುಗೀತು."

ಮನವಿಪತ್ರದ ಕರಡು ನಾನೇ ಬರೆದೆ. ಅಂಕಣ ಬರೆಯುವವನ ಕೈ ಎಂದರೆ ಓಣಿಯಲ್ಲಿ ಬಾಡಿಗೆಯಿಲ್ಲದ ಟಮಟಮ. ಕರಾವಳಿಯವರು ಮಾತ್ರ ಹಡಗಿಗೆ ವಾರಸುದಾರರು ಎಂಬುದನ್ನು ನಾವು ಒಪ್ಪುವುದಿಲ್ಲ ಎಂದು ಆರಂಭಿಸಿದೆ. ನಾವು ಕೂತಿರುವ ಶಹಾಬಾದ್ ಕಲ್ಲೇ ಸಾಕ್ಷಿ, ಅದು ಕೋಟ್ಯಂತರ ವರ್ಷದ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಅಂದರೆ ನಾವೂ ಮೂಲತಃ ಕರಾವಳಿಯವರೇ, ಸಮುದ್ರ ಸ್ವಲ್ಪ ಬೇಗ ಹೋಯಿತು ಅಷ್ಟೇ. ಇದು ಪ್ರಾದೇಶಿಕ ಅಸಮಾನತೆಯ ಸ್ಪಷ್ಟ ಪ್ರಕರಣವಾದ್ದರಿಂದ 371(ಜೆ) ಕಲಮಿನ ಅಡಿಯಲ್ಲಿ ಪರಿಗಣಿಸತಕ್ಕದ್ದು. ಮಾಸ್ತರು 'ಸ್ಥಳೀಯರಿಗೆ ಹಡಗಿನಲ್ಲಿ ಮೀಸಲಾತಿ' ಎಂದೂ ಸೇರಿಸಿದರು. ಯಾವ ಹುದ್ದೆಗೆ ಎಂದು ಕೇಳಿದರೆ, ಅದು ಆಮೇಲೆ ಎಂದರು.

ಮೊದಲ ಬಿರುಕು ಬಿದ್ದದ್ದು ನೀರು ಹಂಚಿಕೆಯ ಮೇಲೆ. ಹಡಗು ಮಹಾರಾಷ್ಟ್ರದ ಕಡೆಯಿಂದ ಬಂದರೆ ಅದು ದಾರಿಯಲ್ಲಿ ಉಗುಳಿದ ನೀರು ಯಾರದು? ತೆಲಂಗಾಣ ಸುಮ್ಮನಿರುತ್ತದೆಯೇ? ಯಾದಗಿರಿಯವರು ಕೆಳಗಿನ ದಂಡೆಯ ಹಕ್ಕು ಕೇಳಿದರೆ? ನೀರಿನ ಹನಿ ಬೀಳುವ ಮೊದಲೇ ಟ್ರಿಬ್ಯೂನಲ್ ಬೇಕಾಯಿತು. ಕೃಷ್ಣಾ ಕೊಳ್ಳದವರಾದ ನಮಗೆ ಇದು ರಕ್ತದಲ್ಲೇ ಇದೆ.

ಈ ಹೊತ್ತಿನಲ್ಲಿ ಹುಡುಗ ಮೆಲ್ಲಗೆ ಬಾಯಿ ಬಿಟ್ಟ. "ಮಾಮಾ, ಆ ಹೈಡ್ರೋಜನ್ ಮಾಡ್ಲಿಕ್ಕೂ ನೀರು ಬೇಕು."

"ಎಷ್ಟು?"

"ಒಂದು ಕಿಲೋಕ್ಕ ಒಂಬತ್ತು ಲೀಟರ್. ಶುದ್ಧ ಮಾಡೋದರಾಗ ಹೋಗೋದು ಬ್ಯಾರೆ."

ಕಾಕಾ ಅವನನ್ನೇ ದಿಟ್ಟಿಸಿದರು. "ಅಂದ್ರ ನಮ್ಮ ನಳದ ನೀರೇ ಹಡಗ ಹತ್ತಿ, ಊರೆಲ್ಲ ತಿರುಗಿ, ಮತ್ತ ನಮಗೇ ಬರ್ತದ?"

"ಹೌದು ಮುತ್ಯಾ. ಕಡಿಮಿ ಆಗಿ ಬರ್ತದ."

"ಯೋಜನಾ ಖರೆ ಅದ ಬಿಡು" ಎಂದರು ಕಾಕಾ. "ಉದ್ಘಾಟನೆಕ್ಕ ಯಾರ್ನ ಕರಿಯೋದು?"

ಕರೆಂಟಿನ ಕತೆ ಇನ್ನೂ ಚೆಂದ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಐವತ್ತಕ್ಕೂ ಹೆಚ್ಚು ಯೂನಿಟ್ ಬೇಕು, ಸೆಲ್ಲಿನಿಂದ ವಾಪಸು ಸಿಗುವುದು ಹದಿನೇಳು. ಮೂರು ರೊಟ್ಟಿ ಬಡಿದರೆ ತಟ್ಟೆಗೆ ಬೀಳುವುದು ಒಂದು. ಅದನ್ನು ದ್ರವ ಮಾಡಿ ಸಾಗಿಸಬೇಕೆಂದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು. ನಮ್ಮ ಮೇ ತಿಂಗಳಿಗೂ ಅದಕ್ಕೂ ಸುಮಾರು ಮುನ್ನೂರು ಡಿಗ್ರಿ ಅಂತರ. ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಕುಲ್ಫಿ ಜಗತ್ ಸರ್ಕಲ್ಲಿಗೆ ಬರುವಷ್ಟರಲ್ಲಿ ಬರೀ ಕಡ್ಡಿಯಾಗುವ ಊರು ನಮ್ಮದು.

ಮತ್ತೆ ಆ ಹೈಡ್ರೋಜನ್ನಿಗೆ ಬಣ್ಣಗಳು ಬೇರೆ. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಅನಿಲಕ್ಕೆ ಅದನ್ನು ಮಾಡಿದ ರೀತಿ ನೋಡಿ ಬೂದು, ನೀಲಿ, ಹಸಿರು ಎಂದು ಪಕ್ಷದ ಶಾಲು ಹೊದಿಸಿದ್ದಾರೆ. ಜಗತ್ತಿನ ಬಹುಪಾಲು ಹೈಡ್ರೋಜನ್ ಇವತ್ತಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಬರುವುದು. ಅನಿಲದಿಂದ ಒಂದು ಕಿಲೋ ಮಾಡಿದರೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡು. ಹಡಗಿನಿಂದ ನೀರು ತೊಟ್ಟಿಕ್ಕುತ್ತದೆ, ಹೊಗೆ ಬೇರೆ ಯಾರದೋ ಊರಿನ ಫ್ಯಾಕ್ಟರಿಯ ಮೇಲೆ ಏಳುತ್ತದೆ. ಸಿಮೆಂಟಿನ ಧೂಳು ತಿಂದು ಮೈಸೂರು ಬೆಂಗಳೂರಿನ ಗೋಡೆ ಎಬ್ಬಿಸಿದ ವಾಡಿ, ಸೇಡಂನವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾರ್ವೆಯಲ್ಲಿ ಹೈಡ್ರಾ ಎಂಬ ದೋಣಿಯಿದೆ. 300 ಜನ, 80 ಕಾರು ಹೊತ್ತು ಆಚೆ ದಂಡೆಗೆ ಈಚೆ ದಂಡೆಗೆ ಓಡಾಡುತ್ತದೆ, 2023ರಿಂದ ದ್ರವ ಹೈಡ್ರೋಜನ್ನಿನಲ್ಲಿ. ಆ ಹೈಡ್ರೋಜನ್ ಬಂದದ್ದು ಜರ್ಮನಿಯ ಲೊಯ್ನಾದಿಂದ, ರಸ್ತೆಯ ಮೇಲೆ, ಟ್ಯಾಂಕರಿನಲ್ಲಿ. ಇದನ್ನು ಕೇಳಿ ಆಯಿಗೆ ಜೀವ ತಂಪಾಯಿತು. "ಅವರೂ ಟ್ಯಾಂಕರ್ ದಾರಿ ಕಾಯ್ತಾರೇನು, ಪಾಪ!" ಅದೇ ನಾರ್ವೆ ತನ್ನ ವಿಶ್ವಪರಂಪರೆಯ ಫಿಯೋರ್ಡುಗಳಿಗೆ, ಅಂದರೆ ಬೆಟ್ಟದ ಸಂದಿಗೆ ಸಮುದ್ರ ಹೊಕ್ಕ ಕಿರಿದಾದ ಕೊಲ್ಲಿಗಳಿಗೆ, ಹೊಗೆ ಉಗುಳುವ ಪ್ರವಾಸಿ ಹಡಗು ಬರಕೂಡದೆಂದು ಕಾನೂನು ಮಾಡಿದೆ. 10,000 ಟನ್ನಿಗಿಂತ ಸಣ್ಣವಕ್ಕೆ 2026ರ ಜನವರಿ 1ರಿಂದ, ದೊಡ್ಡವಕ್ಕೆ 2032ರಿಂದ. ಸಣ್ಣವರಿಗೆ ಮೊದಲು, ದೊಡ್ಡವರಿಗೆ ಆಮೇಲೆ! ಅತಿಕ್ರಮಣ ತೆರವಿನ ಜೆಸಿಬಿ ಮೊದಲು ಮಿರ್ಚಿ ಭಜಿಯ ಬಂಡಿಗೆ ಬರುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ನನಗೆ ಫ್ಯೂಯೆಲ್ ಸೆಲ್ಲಿನ ಮೇಲೆ ಸಿಟ್ಟಿಲ್ಲ. ಕೊಚ್ಚಿಯ ಹಡಗುಕಟ್ಟೆ ಕಟ್ಟಿ, 2024ರ ಫೆಬ್ರುವರಿಯಲ್ಲಿ ವಾರಾಣಸಿಗೆಂದು ಹಸಿರು ಬಾವುಟ ಬೀಸಿಸಿಕೊಂಡ ಐವತ್ತು ಜನರ ಹೈಡ್ರೋಜನ್ ದೋಣಿ ನನಗೆ ಇಷ್ಟ. ನಿತ್ಯ ನದಿಯ ಮೇಲೆ ಓಡಾಡುವವರ ಮೂಗಿಗೆ ಡೀಸೆಲ್ ಹೊಗೆ ತಾಗದಿದ್ದರೆ ಅದಕ್ಕಿಂತ ಇನ್ನೇನು ಬೇಕು? 2023ರ ಜನವರಿಯಲ್ಲಿ ದೆಹಲಿ ಒಪ್ಪಿದ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಕಿಲೋಕ್ಕೆ ಒಂಬತ್ತು ಲೀಟರಿನ ಲೆಕ್ಕದಲ್ಲಿ ಅದಕ್ಕೆ ಬೇಕಾಗುವ ನೀರು ಒಂದೂವರೆ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ದೇಶದ ಲೆಕ್ಕದಲ್ಲಿ ಅದೇನೂ ಹೆದರುವಂಥದ್ದಲ್ಲ. ಗೊಬ್ಬರಕ್ಕೆ, ಉಕ್ಕಿಗೆ ಹೈಡ್ರೋಜನ್ ಬೇಕೇ ಬೇಕು, ಮಾಡಲಿ.

ಆದರೆ ಕ್ರೂಸ್ ಎಂದರೇನು? ಹತ್ತಿದ ಜಾಗದಲ್ಲೇ ಇಳಿಯಲು ಸಮುದ್ರ ಸುತ್ತುವುದು. ಗಾಣಗಾಪುರದಲ್ಲೂ ಜನ ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬರುತ್ತಾರೆ, ಆದರೆ ಈಜುಕೊಳವನ್ನು ಹೊತ್ತುಕೊಂಡು ಸುತ್ತುವುದಿಲ್ಲ. 2024ರಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಹಡಗಿನಲ್ಲಿ ಇಪ್ಪತ್ತು ಅಂತಸ್ತು, ಏಳು ಈಜುಕೊಳ, ಆರು ಜಾರುಬಂಡೆ. ಸುತ್ತಲೂ ಸಮುದ್ರವೇ ಇರುವಾಗ ನೀರಿನ ಮೇಲೆ ನೀರನ್ನು ಹೊತ್ತು ತಿರುಗುವ ಆ ಏಳು ಕೊಳಗಳನ್ನು ನಮ್ಮ ಆಯಿಗೆ ಹೇಗೆ ವಿವರಿಸಬೇಕೋ ನನಗೆ ತಿಳಿಯಲಿಲ್ಲ, ಬಿಟ್ಟುಬಿಟ್ಟೆ. ಅದು ಓಡುವುದು ದ್ರವೀಕೃತ ನೈಸರ್ಗಿಕ ಅನಿಲದಲ್ಲಿ, ಅದಕ್ಕೂ 'ಸ್ವಚ್ಛ ಇಂಧನ' ಎಂದೇ ಹೆಸರು. ನಾಳೆ ಇಂಥದ್ದಕ್ಕೂ ಹೈಡ್ರೋಜನ್ ತುಂಬಿಸಿದರೆನ್ನಿ. ಆ ಶುದ್ಧ ಹಡಗನ್ನು ಹತ್ತಲು ಜನ ಸಾವಿರಾರು ಮೈಲಿ ವಿಮಾನದಲ್ಲೇ ಬಂದಿಳಿಯುತ್ತಾರೆ. ಮದುವೆ ಊಟದಲ್ಲಿ ಹನ್ನೆರಡು ಹೋಳಿಗೆ ತಿಂದು, ಚಹಾಕ್ಕೆ ಸಕ್ಕರೆ ಬೇಡ ಎನ್ನುವ ನಮ್ಮ ಬೀಗರ ನೆನಪಾಯಿತು.

ರಾತ್ರಿ ಎರಡಕ್ಕೆ ಕಟ್ಟೆಯ ಮೇಲೆ ಉಳಿದದ್ದು ಮಾತಿನ ಎಂಜಲು. ಹಡಗು ಬೇಕು ಬಣ, ನೀರು ಕೊಟ್ಟು ನೀರು ಯಾಕೆ ತರಬೇಕು ಬಣ. ಮನವಿಪತ್ರ ಯಾವ ಇಲಾಖೆಗೆ ಎಂಬುದು ಇತ್ಯರ್ಥವಾಗದೆ, ಅದನ್ನು ಮಡಚಿ ಕಾಕಾ ಗಾಳಿ ಬೀಸಿಕೊಳ್ಳುತ್ತಿದ್ದರು. ಆಗ ಮೂಲೆಯ ನಳ ಕೆಮ್ಮಿತು. ಆಮೇಲೆ ಒಳಗಿಂದ ಬುಸ್ಸೆಂದು ಬರೀ ಗಾಳಿ, ಹನಿಯಿಲ್ಲ. ವಾರಪೂರ್ತಿ ಖಾಲಿ ಬಿದ್ದ ಪೈಪಿನಿಂದ ಯಾವಾಗಲೂ ಮೊದಲು ಬರುವುದು ಅದೇ.

ಆಯಿ ಮಂಡಿಗೆ ಕೈಯೂರಿ ಎದ್ದಳು. "ಏ ತಮ್ಮಾ, ಜಲಜನಕ ಬಂದದ ನೋಡು. ಜಲ ಹಿಂದ ಬರ್ತದ. ಕೊಡ ಹಚ್ಚು."